ಇದು ಯಾರ ಲೆಕ್ಕದ ಪುಸ್ತಕ?

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಸೊಳ್ಳೆಯ ಬಗ್ಗೆ, ಅದರ ಮೈಯೊಳಗಿನ ಬ್ಯಾಕ್ಟೀರಿಯಾದ ಬಗ್ಗೆ ಬರೆಯಲು ಇವಳಿಗೇನು ಕೆಲಸ ಎಂದು ವಿಜ್ಞಾನ ವಿಭಾಗದ ಗೆಳತಿಯರು ಕೇಳಬಹುದು. ನನ್ನ ಬಳಿ ಇರುವುದು ಒಂದೇ ಉತ್ತರ. ಹೋದ ಮಳೆಗಾಲದಲ್ಲಿ ಒಂದು ಸೊಳ್ಳೆ ನಮ್ಮ ಮನೆಗೆ 16,340 ರೂಪಾಯಿ ಖರ್ಚು ಹಚ್ಚಿತು. ಆ ಖರ್ಚಿನ ಲೆಕ್ಕ ಬರೆದವಳು ನಾನು.

ನನ್ನ ತಮ್ಮ ಆರನೇ ತರಗತಿಯಲ್ಲಿದ್ದಾನೆ. ಒಂದು ಗುರುವಾರ ಶಾಲೆಯಿಂದ ಬಂದವನೇ ಚೀಲ ಎಸೆದು ಮಲಗಿದ. ಕಣ್ಣಿನ ಹಿಂದೆ ನೋವು, ಮೈಕೈಯೆಲ್ಲ ಮುರಿದಂತೆ ನೋವು ಎಂದ. ಮೂರನೇ ದಿನ ರಕ್ತ ಪರೀಕ್ಷೆ ಮಾಡಿಸಿದಾಗ ಡೆಂಗಿ ಎಂದು ಗೊತ್ತಾಯಿತು. ಪ್ಲೇಟ್‌ಲೆಟ್ ಎಣಿಕೆ ಮೊದಲ ದಿನ 90 ಸಾವಿರ, ಮರುದಿನ 61 ಸಾವಿರ, ಅದರ ಮರುದಿನ 34 ಸಾವಿರ. ಅದುವರೆಗೆ ನಮ್ಮ ಮನೆಯಲ್ಲಿ ಯಾರೂ ಆಡದಿದ್ದ ಆ ಪದ ದಾದಿಯ ದುಆದೊಳಗೂ ಸೇರಿಹೋಯಿತು. ನಮಾಜಿನ ಚಾಪೆಯ ಮೇಲೆ ಕುಳಿತು, “ಯಾ ಅಲ್ಲಾಹ್, ಮಗುವಿನ ಪ್ಲೇಟ್‌ಲೆಟ್ ಏರಿಸು” ಎಂದು ಕೇಳುತ್ತಿದ್ದರು.

ಐದು ದಿನ ಆಸ್ಪತ್ರೆ. ಅಬ್ಬಾ ಹಣ ಹೊಂದಿಸಲು ಓಡಾಡುತ್ತಿದ್ದರು, ಅಮ್ಮಿ ತಮ್ಮನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನಾನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಲೆಕ್ಕ ಬರೆದೆ. ಹಾಸಿಗೆ ಬಾಡಿಗೆ, ಡ್ರಿಪ್, ರಕ್ತ ಪರೀಕ್ಷೆ, ಆಟೋ, ಎಳನೀರು. ಆರನೇ ದಿನ ಎಣಿಕೆ ಏರಿತು. ಅಲ್ಹಮ್ದುಲಿಲ್ಲಾಹ್, ಅವನನ್ನು ಮನೆಗೆ ಕರೆತಂದೆವು.

ಎರಡು ದಿನ ಕಳೆದ ಮೇಲೆ ಆಶಾ ಅಕ್ಕ ಟಾರ್ಚ್ ಹಿಡಿದು ಬಂದರು. ನೀರು ತುಂಬಿಟ್ಟಿರುವ ಜಾಗ ತೋರಿಸಿ ಎಂದರು. ನಮ್ಮ ಓಣಿಗೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ, ಹಾಗಾಗಿ ಪ್ರತಿ ಮನೆಯಲ್ಲೂ ಡ್ರಮ್ಮು ಇದ್ದೇ ಇರುತ್ತದೆ. ನಮ್ಮ ನೀಲಿ ಡ್ರಮ್ಮಿನ ಮುಚ್ಚಳ ರಂಜಾನ್ ಸಮಯದಲ್ಲೇ ಒಡೆದಿತ್ತು. ಹಳೆಯ ದುಪಟ್ಟಾ ಕಟ್ಟು ಎಂದು ಅಮ್ಮಿ ನನಗೆ ಹೇಳಿದ್ದರು. ನಾಳೆ ಕಟ್ಟುತ್ತೇನೆ ಎಂದು ನಾನು ಹೇಳುತ್ತಲೇ ಬಂದಿದ್ದೆ. ಆಶಾ ಅಕ್ಕ ಟಾರ್ಚ್ ಹಾಯಿಸಿದರು. ನೀರಿನಲ್ಲಿ ಸಣ್ಣ ಸಣ್ಣ ಹುಳುಗಳು ಮೈ ಬಾಗಿಸಿ, ನೆಟ್ಟಗಾಗಿಸಿ ಮೇಲೆ ಕೆಳಗೆ ಹೋಗುತ್ತಿದ್ದವು. “ನೋಡಮ್ಮ, ಇವೇ” ಎಂದರು. ಅಮ್ಮಿ ನನ್ನ ಕಡೆ ಒಮ್ಮೆ ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಶಾಲೆಯಲ್ಲೇ ಕಚ್ಚಿರಬಹುದು ಎಂದು ಅಬ್ಬಾ ಸಮಾಧಾನ ಹೇಳಿದರು. ಇರಬಹುದು. ಆದರೆ ನನ್ನ ಲೆಕ್ಕದ ಪುಟದಲ್ಲಿ ಆ ಮುಚ್ಚಳವನ್ನು ನಾನು ಬರೆದಿರಲಿಲ್ಲ.

ಅಂದಿನಿಂದ ಈ ಸೊಳ್ಳೆಯ ಬಗ್ಗೆ ಓದಬೇಕೆಂಬ ಹಟ ಹುಟ್ಟಿತು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವುವಾಗ ಒಂದು ಸುದ್ದಿ ಕಂಡಿತು. 2022ರಲ್ಲಿ ಪುದುಚೇರಿಯಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರದವರು ಡೆಂಗಿ ತಡೆಯಲೆಂದೇ ವಿಶೇಷ ಸೊಳ್ಳೆಗಳನ್ನು ಸಿದ್ಧಪಡಿಸಿದ್ದಾರೆ, ಅವುಗಳ ಮೈಯಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇದೆ ಎಂದಿತ್ತು. ಸೊಳ್ಳೆ ಕೊಲ್ಲಲು ಸೊಳ್ಳೆ ಸಾಕುವುದೇ? ನನಗೆ ಅರ್ಥವಾಗಲಿಲ್ಲ. ಜೀವಶಾಸ್ತ್ರದ ಮೇಡಂ ಹತ್ತಿರ ಹೋದೆ. ಅವರು ಎರಡು ಮಧ್ಯಾಹ್ನ ನನಗಾಗಿ ಕೊಟ್ಟರು. ಅವರು ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅರ್ಥವಾದದ್ದು ಮಾತ್ರ ಲೆಕ್ಕಶಾಸ್ತ್ರದ ದಾರಿಯಿಂದ. ಮೊದಲ ಪಿಯುಸಿಯ ಮೊದಲ ವಾರದಲ್ಲಿ ನಮಗೆ ಬಿಸಿನೆಸ್ ಎಂಟಿಟಿ ಕಾನ್ಸೆಪ್ಟ್ ಕಲಿಸುತ್ತಾರೆ. ಅಂಗಡಿ ಬೇರೆ, ಮಾಲೀಕ ಬೇರೆ. ಮಾಲೀಕ ಹಾಕಿದ ಬಂಡವಾಳ ಅಂಗಡಿಯ ಪುಸ್ತಕದಲ್ಲಿ ಸಾಲವಿದ್ದಂತೆ. ಒಂದೇ ಹಣ ಒಬ್ಬರ ಪುಸ್ತಕದಲ್ಲಿ ಆಸ್ತಿ, ಇನ್ನೊಬ್ಬರ ಪುಸ್ತಕದಲ್ಲಿ ಹೊಣೆ. “ಪೆನ್ನು ಮುಟ್ಟುವ ಮೊದಲು ಕೇಳಿಕೊಳ್ಳಿ, ಇದು ಯಾರ ಲೆಕ್ಕದ ಪುಸ್ತಕ?” ಎಂದು ನಮ್ಮ ಸರ್ ಹೇಳುತ್ತಾರೆ. ಕೀಟ ಮತ್ತು ಅದರೊಳಗಿನ ಬ್ಯಾಕ್ಟೀರಿಯಾ ಒಂದೇ ಮೈಯಲ್ಲಿ ವಾಸ ಮಾಡುತ್ತವೆ. ಆದರೆ ಎರಡಕ್ಕೂ ಪುಸ್ತಕ ಬೇರೆ ಬೇರೆ.

ವೊಲ್ಬಾಕಿಯಾವನ್ನು 1924ರಲ್ಲಿ ಅಮೆರಿಕದಲ್ಲಿ ಹರ್ಟಿಗ್ ಮತ್ತು ವೊಲ್ಬಾಕ್ ಎಂಬ ಇಬ್ಬರು ಮನೆ ಸುತ್ತಲಿನ ಕ್ಯೂಲೆಕ್ಸ್ ಸೊಳ್ಳೆಯಲ್ಲಿ ಕಂಡರು. 1936ರಲ್ಲಿ ಹರ್ಟಿಗ್ ತಮ್ಮ ಜೊತೆಗಾರನ ಹೆಸರನ್ನೇ ಅದಕ್ಕಿಟ್ಟರು. ಆಗ ಅದು ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ. ಇವತ್ತಿನ ಅಂದಾಜಿನ ಪ್ರಕಾರ ಭೂಮಿಯ ಮೇಲಿನ ಕೀಟ ಜಾತಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬ್ಯಾಕ್ಟೀರಿಯಾ ಇದೆ.

ಇದು ಜೀವಕೋಶದ ಒಳಗೇ ಬದುಕುತ್ತದೆ, ಹೊರಗೆ ಬಂದು ಸ್ವತಂತ್ರವಾಗಿ ಬದುಕಲಾರದು. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗಲು ಅದಕ್ಕಿರುವ ಮುಖ್ಯ ದಾರಿ ತಾಯಿಯ ಮೊಟ್ಟೆ. ಮೊಟ್ಟೆ ದೊಡ್ಡದು, ಒಳಗೆ ಜಾಗವಿದೆ. ವೀರ್ಯಾಣುವಿನಲ್ಲಿ ಜಾಗವಿಲ್ಲ. ಹಾಗಾಗಿ ಹೆಣ್ಣು ಕೀಟ ಅದಕ್ಕೆ ಮುಂದಿನ ಊರಿಗೆ ಹೋಗುವ ಬಸ್ಸು. ಗಂಡು ಕೀಟ ಅದರ ಪಾಲಿಗೆ ಕೊನೆಯ ನಿಲ್ದಾಣ.

ಈ ಒಂದು ಸಂಗತಿಯಿಂದಲೇ ಉಳಿದದ್ದೆಲ್ಲ ಹುಟ್ಟುತ್ತದೆ. ಕೀಟದ ಪುಸ್ತಕದಲ್ಲಿ ಮಗನೂ ಮಗಳೂ ಇಬ್ಬರೂ ಆಸ್ತಿ. ಬ್ಯಾಕ್ಟೀರಿಯಾದ ಪುಸ್ತಕದಲ್ಲಿ ಮಗಳು ಮಾತ್ರ ಆಸ್ತಿ, ಮಗ ಬರೀ ಖರ್ಚು. ಖರ್ಚು ಕಡಿಮೆ ಮಾಡಲು ಅದು ನಾಲ್ಕು ದಾರಿ ಹಿಡಿದಿದೆ.

ಮೊದಲನೆಯದು ಗಂಡುಗಳನ್ನು ಕೊಲ್ಲುವುದು. ಕೆಂಪು ಮೈಮೇಲೆ ಕಪ್ಪು ಚುಕ್ಕೆ ಇರುವ ಗುಲಗಂಜಿ ಹುಳುಗಳ ಕೆಲವು ಜಾತಿಗಳಲ್ಲಿ ಗಂಡು ಭ್ರೂಣಗಳು ಮೊಟ್ಟೆಯಲ್ಲೇ ಸಾಯುತ್ತವೆ. ವೊಲ್ಬಾಕಿಯಾ ಮಾತ್ರವಲ್ಲ, ಬೇರೆ ಕೆಲವು ಬ್ಯಾಕ್ಟೀರಿಯಾಗಳೂ ಈ ಕೆಲಸ ಮಾಡುತ್ತವೆ. ಹೊರಬಂದ ಹೆಣ್ಣು ಮರಿಗಳು ಸತ್ತ ಸಹೋದರರ ಮೊಟ್ಟೆಗಳನ್ನೇ ತಿಂದು ಬೆಳೆಯುತ್ತವೆ. ಅಣ್ಣನ ಪಾಲು ತಂಗಿಗೆ, ತಂಗಿಯ ಮೂಲಕ ಬ್ಯಾಕ್ಟೀರಿಯಾಕ್ಕೆ.

ಎರಡನೆಯದು ಗಂಡನ್ನು ಹೆಣ್ಣಾಗಿ ಬೆಳೆಸುವುದು. ಮುಟ್ಟಿದರೆ ಗೋಲಿಯಂತೆ ಸುತ್ತಿಕೊಳ್ಳುವ, ಹಲವು ಕಾಲುಗಳ ಒಂದು ಸಣ್ಣ ಜೀವಿ ಯುರೋಪಿನಲ್ಲಿದೆ. ಅದು ಕೀಟವಲ್ಲ, ಸಿಗಡಿ ಏಡಿಗಳ ಸಂಬಂಧಿ. ಗಂಡಾಗಬೇಕಿದ್ದ ಮರಿ ಅದರಲ್ಲಿ ವೊಲ್ಬಾಕಿಯಾದ ಪ್ರಭಾವದಿಂದ ಹೆಣ್ಣಾಗಿ ಬೆಳೆದು ಮೊಟ್ಟೆ ಇಡುತ್ತದೆ.

ಮೂರನೆಯದು ಗಂಡೇ ಬೇಡವೆನ್ನುವುದು. ಕಬ್ಬಿನ ಗದ್ದೆಗಳಲ್ಲಿ ಕಾಂಡ ಕೊರೆಯುವ ಹುಳುವಿನ ವಿರುದ್ಧ ರೈತರು ಕಟ್ಟುವ ಟ್ರೈಕೋ ಕಾರ್ಡನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರಲ್ಲಿರುವುದು ಟ್ರೈಕೋಗ್ರಾಮ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸಣ್ಣ ಕಣಜ. ಕಣಜಗಳಲ್ಲಿ ಸಾಮಾನ್ಯವಾಗಿ ಗಂಡಿನೊಡನೆ ಕೂಡಿದ ಮೇಲೆ ಫಲಿತವಾದ ಮೊಟ್ಟೆ ಹೆಣ್ಣಾಗುತ್ತದೆ, ಫಲಿತವಾಗದ ಮೊಟ್ಟೆ ಗಂಡಾಗುತ್ತದೆ. ಟ್ರೈಕೋಗ್ರಾಮದ ಕೆಲವು ತಳಿಗಳಲ್ಲಿ ಮಾತ್ರ ಗಂಡಿಲ್ಲದೆಯೇ ಹೆಣ್ಣಿಗೆ ಹೆಣ್ಣು ಹುಟ್ಟುತ್ತಾ ಹೋಗುತ್ತಿತ್ತು. 1990ರಲ್ಲಿ ವಿಜ್ಞಾನಿಗಳು ಅವುಗಳಿಗೆ ಆಂಟಿಬಯಾಟಿಕ್ ಕೊಟ್ಟು ನೋಡಿದರು. ಗಂಡು ಮರಿಗಳು ಹುಟ್ಟತೊಡಗಿದವು! ಔಷಧಕ್ಕೆ ಬ್ಯಾಕ್ಟೀರಿಯಾ ಸತ್ತಿತ್ತು, ಕಣಜದ ಹಳೆಯ ಪದ್ಧತಿ ಮರಳಿತ್ತು.

ನಾಲ್ಕನೆಯದಕ್ಕೆ ಹೋಗುವ ಮೊದಲು, ಕೀಟ ಇದನ್ನೆಲ್ಲ ಸುಮ್ಮನೆ ನೋಡುತ್ತಾ ಕೂರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಹೈಪೋಲಿಮ್ನಾಸ್ ಬೊಲಿನಾ ಎಂಬ ಚಿಟ್ಟೆ ನಮ್ಮ ಕರ್ನಾಟಕದಲ್ಲೂ ಇದೆ. ಗಂಡಿನ ಕಪ್ಪು ರೆಕ್ಕೆಯ ಮೇಲೆ ನೀಲಿ ಅಂಚಿನ ಬಿಳಿ ಮಚ್ಚೆಗಳಿರುತ್ತವೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಈ ಚಿಟ್ಟೆಯ ಗಂಡು ಭ್ರೂಣಗಳನ್ನು ವೊಲ್ಬಾಕಿಯಾ ಕೊಲ್ಲುತ್ತಿತ್ತು. 2001ರಲ್ಲಿ ಎಣಿಸಿದಾಗ 100 ಚಿಟ್ಟೆಗಳಲ್ಲಿ ಗಂಡು ಒಂದೇ ಒಂದು. ಗಂಡುಗಳೇ ಇಲ್ಲವಾದರೆ ಚಿಟ್ಟೆಯ ವಂಶವೇ ಮುಗಿಯುತ್ತದೆ, ಜೊತೆಗೆ ಬ್ಯಾಕ್ಟೀರಿಯಾವೂ ಮುಗಿಯುತ್ತದೆ. ಆದರೆ ಅದು ನಾಳೆಯ ಲೆಕ್ಕ ಬರೆಯುವುದಿಲ್ಲ. 2006ರಲ್ಲಿ ಮತ್ತೆ ಎಣಿಸಿದಾಗ ಗಂಡುಗಳು 100ಕ್ಕೆ ಸುಮಾರು 40. ಬ್ಯಾಕ್ಟೀರಿಯಾ ಹೋಗಿರಲಿಲ್ಲ, ಅದೇ ಮೈಯಲ್ಲೇ ಇತ್ತು. ಅದರ ಕೈ ಕಟ್ಟಿಹಾಕುವ ಒಂದು ಜೀನ್ ಚಿಟ್ಟೆಯಲ್ಲಿ ಹರಡಿತ್ತು. ಐದು ವರ್ಷ, ಚಿಟ್ಟೆಯ ಲೆಕ್ಕದಲ್ಲಿ ಹತ್ತು ತಲೆಮಾರು, ಅಷ್ಟರಲ್ಲಿ ಎರಡನೆಯ ಪುಸ್ತಕ ತನ್ನ ಉತ್ತರ ಬರೆದಿತ್ತು.

ಈಗ ನಾಲ್ಕನೆಯ ದಾರಿ. ನನ್ನ ತಮ್ಮನ ಕಾಯಿಲೆಗೆ ಸಂಬಂಧಪಟ್ಟದ್ದು ಇದೇ. ಇಲ್ಲಿ ಬ್ಯಾಕ್ಟೀರಿಯಾ ಗಂಡನ್ನು ಕೊಲ್ಲುವುದಿಲ್ಲ, ಗಂಡಿನ ವೀರ್ಯಾಣುವಿಗೆ ಬೀಗ ಹಾಕಿ ಕಳುಹಿಸುತ್ತದೆ. ಬೀಗದ ಕೈ ಇರುವುದು ವೊಲ್ಬಾಕಿಯಾ ಇರುವ ಮೊಟ್ಟೆಯಲ್ಲಿ ಮಾತ್ರ. ವೊಲ್ಬಾಕಿಯಾ ಇರುವ ಗಂಡು, ಅದಿಲ್ಲದ ಹೆಣ್ಣಿನೊಡನೆ ಕೂಡಿದರೆ ಮೊಟ್ಟೆಗಳು ಒಡೆಯುವುದಿಲ್ಲ. ವೊಲ್ಬಾಕಿಯಾ ಇರುವ ಹೆಣ್ಣಿಗೆ ಎಂಥ ಗಂಡಾದರೂ ತೊಂದರೆಯಿಲ್ಲ, ಮರಿಗಳು ಹುಟ್ಟುತ್ತವೆ, ಎಲ್ಲವೂ ವೊಲ್ಬಾಕಿಯಾ ಹೊತ್ತೇ ಹುಟ್ಟುತ್ತವೆ. ಈ ಬೀಗ ಮತ್ತು ಬೀಗದ ಕೈಗೆ ಕಾರಣವಾದ ಜೀನ್‌ಗಳನ್ನು 2017ರಲ್ಲಿ ಗುರುತಿಸಿದರು. ಖರ್ಚು ಎಂದು ಬರೆದಿದ್ದ ಗಂಡನ್ನು ಬ್ಯಾಕ್ಟೀರಿಯಾ ಹೀಗೆ ಎದುರಾಳಿಯ ಅಂಗಡಿ ಮುಚ್ಚಿಸಲು ಬಳಸಿಕೊಂಡಿತು.

ಇದರ ಲೆಕ್ಕ ಮಾಡಿ ನೋಡೋಣ. ಅಂಕಿಗಳು ನಾನು ಉದಾಹರಣೆಗೆಂದು ಹಾಕಿಕೊಂಡವು. ಪ್ರತಿ ಹೆಣ್ಣು 100 ಮೊಟ್ಟೆ ಇಡುತ್ತದೆ ಎಂದುಕೊಳ್ಳಿ. ಬ್ಯಾಕ್ಟೀರಿಯಾ ಸಾಕುವ ಹೆಣ್ಣಿಗೆ ಅದರ ಭಾರದಿಂದ 20 ಮೊಟ್ಟೆ ಕಡಿಮೆ, ಅಂದರೆ 80. ಓಣಿಯ ಸೊಳ್ಳೆಗಳಲ್ಲಿ 100ಕ್ಕೆ 10 ಮಾತ್ರ ವೊಲ್ಬಾಕಿಯಾ ಇರುವವು ಎಂದಾದರೆ, ಅದಿಲ್ಲದ ಹೆಣ್ಣುಗಳಿಗೆ ಸರಾಸರಿ 10 ಮೊಟ್ಟೆ ಹಾಳಾಗಿ 90 ಉಳಿಯುತ್ತವೆ. 80ಕ್ಕೆ 90, ಬ್ಯಾಕ್ಟೀರಿಯಾಕ್ಕೆ ನಷ್ಟ. 100ಕ್ಕೆ 50 ಇದ್ದರೆ 80ಕ್ಕೆ 50, ಲಾಭ. 100ಕ್ಕೆ 90 ಇದ್ದರೆ 80ಕ್ಕೆ 10. ನಡುವೆ 20 ಎಂಬಲ್ಲಿ ಬ್ರೇಕ್ ಈವನ್ ಪಾಯಿಂಟ್ ಇದೆ. ಅದನ್ನು ದಾಟುವವರೆಗೆ ಯಾರಾದರೂ ಹೊರಗಿನಿಂದ ಬಂಡವಾಳ ಹಾಕುತ್ತಿರಬೇಕು, ದಾಟಿದ ಮೇಲೆ ಅಂಗಡಿ ತಾನೇ ನಡೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಣ್ಣಿನ ನೊಣಗಳ ನಡುವೆ ವೊಲ್ಬಾಕಿಯಾ ವರ್ಷಕ್ಕೆ 100 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹರಡಿದ್ದನ್ನು 1991ರಲ್ಲಿ ವರದಿ ಮಾಡಿದ್ದಾರೆ.

ಮನುಷ್ಯ ಈ ಉಪಾಯವನ್ನು ಬಳಸಿದ್ದು ಅದರ ಕಾರಣ ಗೊತ್ತಾಗುವ ಮೊದಲೇ. 1967ರಲ್ಲಿ ಹಾನೆಸ್ ಲಾವೆನ್ ಎಂಬ ಜರ್ಮನ್ ವಿಜ್ಞಾನಿ ಬರ್ಮಾದ ಒಕ್ಪೊ ಎಂಬ ಹಳ್ಳಿಯಲ್ಲಿ ಹೊಂದಾಣಿಕೆಯಾಗದ ಗಂಡು ಕ್ಯೂಲೆಕ್ಸ್ ಸೊಳ್ಳೆಗಳನ್ನು ಬಿಟ್ಟು ಅಲ್ಲಿನ ಆ ಸೊಳ್ಳೆಗಳ ಸಂತತಿಯನ್ನೇ ಇಲ್ಲವಾಗಿಸಿದರು. ಇದರ ಹಿಂದಿರುವುದು ವೊಲ್ಬಾಕಿಯಾ ಎಂದು ಯೆನ್ ಮತ್ತು ಬಾರ್ ತೋರಿಸಿದ್ದು 1971ರಲ್ಲಿ. ಗಂಡು ಸೊಳ್ಳೆ ಕಚ್ಚುವುದಿಲ್ಲ, ಹಾಗಾಗಿ ಅದನ್ನು ಬಿಟ್ಟರೆ ಭಯವಿಲ್ಲ. ಸಿಂಗಾಪುರದಲ್ಲಿ ಈಗಲೂ ಹೀಗೆ ಗಂಡುಗಳನ್ನೇ ಬಿಡುತ್ತಾರೆ. ಆದರೆ ಬಿಡುತ್ತಲೇ ಇರಬೇಕಾಗುತ್ತದೆ.

ಇನ್ನೊಂದು ದಾರಿ ಇದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯಲ್ಲಿ ವೊಲ್ಬಾಕಿಯಾ ಸಹಜವಾಗಿ ಇಲ್ಲ. ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಅವರ ತಂಡ ಹಣ್ಣಿನ ನೊಣದ ವೊಲ್ಬಾಕಿಯಾವನ್ನು ಕೂದಲಿನಂಥ ಸೂಜಿಯಿಂದ ಈ ಸೊಳ್ಳೆಯ ಮೊಟ್ಟೆಯೊಳಗೆ ಸೇರಿಸಲು ವರ್ಷಗಟ್ಟಲೆ ಶ್ರಮಿಸಿತು. ಸೇರಿದ ಮೇಲೆ ಇನ್ನೊಂದು ಲಾಭ ಕಂಡಿತು. ವೊಲ್ಬಾಕಿಯಾ ಇರುವ ಸೊಳ್ಳೆಯ ಮೈಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. 2011ರಲ್ಲಿ ಕೇರ್ನ್ಸ್ ಪಟ್ಟಣದ ಬಳಿ ಎರಡು ಬಡಾವಣೆಗಳಲ್ಲಿ ಗಂಡು ಹೆಣ್ಣು ಎರಡನ್ನೂ ವಾರವಾರ ಬಿಟ್ಟರು. ಕೆಲವೇ ತಿಂಗಳಲ್ಲಿ ಅಲ್ಲಿನ ಬಹುತೇಕ ಎಲ್ಲ ಸೊಳ್ಳೆಗಳಲ್ಲೂ ವೊಲ್ಬಾಕಿಯಾ ಇತ್ತು. ಆಮೇಲೆ ಬಿಡುವುದನ್ನು ನಿಲ್ಲಿಸಿದರೂ ಅದು ಉಳಿಯಿತು. ಇಂಡೋನೇಷ್ಯಾದ ಯೋಗ್ಯಕರ್ತಾ ನಗರವನ್ನು 24 ಭಾಗ ಮಾಡಿ 12ರಲ್ಲಿ ಇಂಥ ಸೊಳ್ಳೆಗಳನ್ನು ಬಿಟ್ಟು, ಉಳಿದ 12ರೊಡನೆ ಹೋಲಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಡೆಂಗಿ ಶೇಕಡಾ 77ರಷ್ಟು ಕಡಿಮೆ, ಡೆಂಗಿಯಿಂದ ಆಸ್ಪತ್ರೆ ಸೇರುವುದು ಶೇಕಡಾ 86ರಷ್ಟು ಕಡಿಮೆ. ಆ 86 ಎಂಬ ಅಂಕಿಯನ್ನು ಓದಿದಾಗ ನನಗೆ ನೆನಪಾದದ್ದು ನೋಟ್‌ಬುಕ್ಕಿನ ಕೊನೆಯ ಪುಟ.

ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ದಾದಿಗೆ ಸೊಳ್ಳೆಯೆಂದರೆ ನಮ್ರೂದ್ ಬಾದಶಹನ ಕಥೆ. ನಾನೇ ದೇವರು ಎಂದು ಮೆರೆದವನ ಮೂಗಿನೊಳಗೆ ಒಂದು ಸೊಳ್ಳೆ ಹೊಕ್ಕು ಅವನ ಕಥೆ ಮುಗಿಸಿತು ಎಂದು ನಮಗೆಲ್ಲ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದಾರೆ. ಆ ಸೊಳ್ಳೆಯೊಳಗೂ ಅದನ್ನು ಆಡಿಸುವ ಇನ್ನೊಂದು ಸಣ್ಣ ಜೀವ ಇದೆ ಎಂದು ಕೇಳಿ “ಸುಬ್‌ಹಾನಲ್ಲಾಹ್” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಬೇಟಾ, ಅದೆಲ್ಲ ಸರಿ. ನಮ್ಮ ಓಣಿಯಲ್ಲಿ ಸೊಳ್ಳೆ ಬಿಡುವಾಗ ನಮ್ಮನ್ನು ಕೇಳುತ್ತಾರೋ ಇಲ್ಲವೋ?” ಎಂದರು.

ದಾದಿ ಶಾಲೆಗೆ ಹೋದವರಲ್ಲ. ಆದರೆ ಆ ಪ್ರಶ್ನೆ ಸಣ್ಣದಲ್ಲ. 1970ರ ದಶಕದಲ್ಲಿ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಇಂಥದೇ ಸೊಳ್ಳೆ ಸಂಶೋಧನೆ ನಡೆದಿತ್ತು. ಇದರ ಹಿಂದೆ ಬೇರೆ ಉದ್ದೇಶವಿದೆ ಎಂಬ ಅನುಮಾನ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಎದ್ದಿತು. 1975ರಲ್ಲಿ ಕೆಲಸ ನಿಂತುಹೋಯಿತು. ಕೇರ್ನ್ಸ್ ಮತ್ತು ಯೋಗ್ಯಕರ್ತಾಗಳಲ್ಲಿ ಮೊದಲು ಜನರ ಬಳಿ ಹೋಗಿ, ವಿವರಿಸಿ, ಒಪ್ಪಿಗೆ ಪಡೆದ ಮೇಲೆಯೇ ಸೊಳ್ಳೆ ಬಿಟ್ಟರು. ದಾದಿಯ ಪ್ರಶ್ನೆಯೂ ನಮ್ಮ ಸರ್ ಹೇಳುವ ಮಾತೂ ಒಂದೇ ಎಂದು ನನಗೆ ಆಗ ಹೊಳೆಯಿತು. ಯಾರ ಲಾಭ, ಯಾರ ಪುಸ್ತಕ ಎಂದು ಕೇಳದೆ ಸಹಿ ಹಾಕಬಾರದು.

ಬ್ಯಾಕ್ಟೀರಿಯಾವನ್ನು ನಾನು ಕೆಟ್ಟದ್ದು ಎನ್ನಲಾರೆ. ಅದಕ್ಕೆ ಅಣ್ಣ ತಂಗಿ ಗೊತ್ತಿಲ್ಲ, ನನ್ನ ತಮ್ಮನೂ ಗೊತ್ತಿಲ್ಲ. ಗುಲಗಂಜಿ ಹುಳುವಿನಲ್ಲಿ ಮರಿಗಳನ್ನು ಕೊಲ್ಲುವ ಗುಂಪಿಗೆ ಸೇರಿದ್ದೇ ಯೋಗ್ಯಕರ್ತಾದಲ್ಲಿ ಮಕ್ಕಳನ್ನು ಆಸ್ಪತ್ರೆಯಿಂದ ದೂರ ಇಟ್ಟಿತು. ಎರಡೂ ಕಡೆ ಅದು ಬರೆದದ್ದು ತನ್ನ ಲೆಕ್ಕವನ್ನು ಮಾತ್ರ. ಆ ಲೆಕ್ಕ ನಮ್ಮ ಲೆಕ್ಕಕ್ಕೆ ಹೊಂದುವ ಜಾಗವನ್ನು ಹುಡುಕಿದವರು ಮನುಷ್ಯರು.

ಆ ಸೊಳ್ಳೆಗಳು ನಮ್ಮ ಊರಿಗೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಮ್ಮ ನೀಲಿ ಡ್ರಮ್ಮು ನನ್ನ ಜವಾಬ್ದಾರಿ. ಅದು ನಮ್ಮ ಪುಸ್ತಕದಲ್ಲಿ ಎಂಟು ದಿನದ ನೀರು, ಈಡಿಸ್ ಸೊಳ್ಳೆಯ ಪುಸ್ತಕದಲ್ಲಿ ಬಂಡವಾಳ. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ ಸ್ವಲ್ಪ ಮೇಲೆ, ಡ್ರಮ್ಮಿನ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೆ ಸಾಲದು, ಒಣಗಿದ ಗೋಡೆಯ ಮೇಲೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮತ್ತೆ ನೀರು ಬಂದಾಗ ಒಡೆಯುತ್ತವೆ. ಗೋಡೆಯನ್ನು ಬ್ರಷ್ಷಿನಿಂದ ತಿಕ್ಕಬೇಕು. ಇದನ್ನು ಓದುವ ನೀವೂ ಈ ವಾರ ತಿಕ್ಕಿ.

ಈಗ ನಲ್ಲಿ ನೀರು ಬರುವ ದಿನ ಬೆಳಿಗ್ಗೆ ಫಜರ್ ಮುಗಿದ ಮೇಲೆ ನಾನು ಡ್ರಮ್ಮನ್ನು ಬಗ್ಗಿಸಿ ತಿಕ್ಕುತ್ತೇನೆ. ತಮ್ಮ ಪಕ್ಕದಲ್ಲಿ ನಿಂತು ಆಶಾ ಅಕ್ಕನ ಹಾಗೆಯೇ ಟಾರ್ಚ್ ಹಿಡಿಯುತ್ತಾನೆ. “ಇಲ್ಲಿ ಬಿಟ್ಟಿದ್ದೀಯ ಆಪಾ, ಇಲ್ಲಿ” ಎಂದು ನನ್ನ ತಪ್ಪು ತೋರಿಸುತ್ತಾನೆ. ತಿಕ್ಕಿ ಮುಗಿದ ಮೇಲೆ ಹೊಸ ಮುಚ್ಚಳ ಹಾಕುತ್ತೇನೆ. ಅದಕ್ಕೆ ಕೊಟ್ಟದ್ದು 120 ರೂಪಾಯಿ. ಆ 16,340ರ ಕೆಳಗೆ ಅದನ್ನೂ ಬರೆದಿದ್ದೇನೆ.